ಬಾಡಿಗೆ ಕಮ್ಮಿ, ಖಾಲಿ ಮಾಡೋ ಖರ್ಚು ಜಾಸ್ತಿ

ಅಜ್ಜಿ ಹಾಡಿದ ಸೋಬಾನೆ ಪದ, ಮದುವೆ ವಿಡಿಯೋ, ಹಳೇ ಫೋಟೋ ಸ್ಕ್ಯಾನ್ ಎಲ್ಲಾ ಸೇರಿ ನಮ್ಮನೇದು ಹತ್ರತ್ರ 1 ಟಿಬಿ (ಸುಮಾರು ಸಾವಿರ ಜಿಬಿ) ಆಗಿದೆ. ಮೊಮ್ಮಕ್ಕಳ ಕಾಲಕ್ಕೂ ಉಳೀಬೇಕು ಅಂದ್ರೆ ಯಾವ ಕ್ಲೌಡ್‌ಗೆ ಹಾಕೋದು ಅಂತ ನೋಡೋಕೆ ಕೂತೆ. ಮೊದ್ಲು ಕಣ್ಣಿಗೆ ಬಿದ್ದಿದ್ದೇ ಅಮೆಜಾನ್‌ನ ಫೈಲ್ ಇಡೋ ಸರ್ವಿಸ್ ಎಸ್3, ಫೈಲ್ ಕಳೆಯದೆ ಉಳಿಯುತ್ತೆ ಅಂತ ಹೇಳೋ 99.999999999%, ಹನ್ನೊಂದು ಒಂಬತ್ತು! ಅವ್ರ ಲೆಕ್ಕದಲ್ಲಿ 1 ಕೋಟಿ ಫೈಲ್ ಇಟ್ರೆ ಸರಾಸರಿ 10,000 ವರ್ಷಕ್ಕೆ ಒಂದು ಕಳೀಬಹುದಂತೆ.

ನಂಬೋಣ, ಆದ್ರೆ ಅದು ಡಿಸ್ಕ್ ಕೆಡೋ ಲೆಕ್ಕ ಅಷ್ಟೇ. ಕಾರ್ಡ್ ಎಕ್ಸ್‌ಪೈರ್ ಆಗಿ ಬಿಲ್ ನಿಂತ್ರೆ, ಪಾಸ್‌ವರ್ಡ್ ಗೊತ್ತಿದ್ದೋರು ತೀರ್ಕೊಂಡ್ರೆ, ಕಂಪನಿನೇ ಬಾಗ್ಲು ಹಾಕಿದ್ರೆ ಏನ್ಮಾಡೋದು? 2013ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಿರ್ವಾನಿಕ್ಸ್ ಅನ್ನೋ ಕ್ಲೌಡ್ ಕಂಪನಿ ಮುಚ್ತೀವಿ ಅಂದಾಗ ಗಿರಾಕಿಗಳಿಗೆ ಡೇಟಾ ಎತ್ಕೊಂಡು ಹೋಗೋಕೆ ಮೊದ್ಲು ಕೊಟ್ಟ ಗಡುವು ಬರೀ ಎರಡು ವಾರ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನೋ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ ಬ್ಯಾಕಪ್ಪೂ ಅದೇ ಜಾಗದಲ್ಲಿ ಇಟ್ಟಿದ್ದೋರು ಎರಡನ್ನೂ ಕಳ್ಕೊಂಡ್ರು. 2024ರಲ್ಲಿ ಆಸ್ಟ್ರೇಲಿಯಾದ ಪೆನ್ಶನ್ ಫಂಡ್ ಯೂನಿಸೂಪರ್ ಗೂಗಲ್ ಕ್ಲೌಡ್‌ನಲ್ಲಿ ಇಟ್ಟಿದ್ದ ಸೆಟಪ್ಪಲ್ಲಿ ಒಂದು ದೊಡ್ಡ ಭಾಗ ಕಣ್ತಪ್ಪಿಂದ ಡಿಲೀಟ್ ಆಯ್ತು, ಅವ್ರು ಬೇರೆ ಕಂಪನಿಯಲ್ಲೂ ಒಂದು ಕಾಪಿ ಇಟ್ಟಿದ್ರು ನೋಡಿ, ಬಚಾವಾದ್ರು.

ಇನ್ನು ದುಡ್ಡು. ಅಪರೂಪಕ್ಕೆ ತೆಗೆಯೋ ಫೈಲಿಗೆ ಅಂತ ಇರೋ ಎಸ್3ಯ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿ 1 ಟಿಬಿಗೆ ತಿಂಗಳಿಗೆ ಸುಮಾರು 1 ಡಾಲರ್, ಸಸ್ತಾನೇ. ಆದ್ರೆ ಫೈಲ್ ಬೇಕು ಅಂದ್ರೆ ತಕ್ಷಣ ಸಿಗಲ್ಲ, ಮಾಮೂಲಿ ರೀತಿಯಲ್ಲಿ ಕೇಳಿದ್ರೂ 12 ಗಂಟೆವರೆಗೂ ಕಾಯ್ಬೇಕು, 180 ದಿನದ ಒಳಗೆ ಅಳಿಸಿದ್ರೂ ಪೂರ್ತಿ 180 ದಿನದ ಬಾಡಿಗೆ ಕಟ್ಬೇಕು, ಮೇಲಿಂದ ಅಮೆರಿಕದ ಸರ್ವರ್‌ಗಳಿಂದ ಹೊರಗೆ ಇಳಿಸ್ಕೊಳ್ಳೋಕೆ ಜಿಬಿಗೆ ಸುಮಾರು 9 ಸೆಂಟ್. ಗುಣಿಸಿ ನೋಡಿ, 1 ಟಿಬಿ ವಾಪಸ್ ತರೋಕೆ ಬರೀ ಇಳಿಸೋ ಚಾರ್ಜೇ 80-90 ಡಾಲರ್, ಅಂದ್ರೆ ಏಳು ವರ್ಷದ ಬಾಡಿಗೆ ಒಂದೇ ಏಟಿಗೆ! (2024ರಿಂದ, ಪೂರ್ತಿ ಬಿಟ್ಟು ಹೋಗ್ತೀವಿ ಅಂತ ಕೇಳಿದೋರಿಗೆ ಇಳಿಸೋ ಚಾರ್ಜ್ ಬಿಡ್ತಾರೆ.) ಹಂಗಾಗಿ ಯಾವುದೇ ಸರ್ವಿಸ್ ಆದ್ರೂ ನಾನು ಮೊದ್ಲು ನೋಡೋದು ಒಳಗೆ ಹಾಕೋ ರೇಟ್ ಅಲ್ಲ, ಹೊರಗೆ ತೆಗಿಯೋ ರೇಟು.

ಅಪ್‌ಲೋಡ್ ಮಾಡೋ ಮುಂಚೆ ಪ್ರತಿ ಫೈಲಿಂದೂ ಚೆಕ್‌ಸಮ್ ತೆಗ್ದಿಡ್ತೀನಿ, ಫೈಲಿನ ಹೆಬ್ಬೆಟ್ಟು ಅನ್ಕೊಳ್ಳಿ. ಎಸ್‌ಎಚ್‌ಎ-256 ಅನ್ನೋ ಲೆಕ್ಕ ಎಷ್ಟೇ ದೊಡ್ಡ ಫೈಲ್ ಕೊಟ್ರೂ 64 ಅಕ್ಷರದ ಒಂದು ಸಾಲು ಕೊಡುತ್ತೆ. ಫೈಲಲ್ಲಿ ಒಂದು ಕಾಮಾ ಬದಲಾದ್ರೂ ಆ ಸಾಲು ಗುರುತೇ ಸಿಗದಂಗೆ ಬೇರೆ ಆಗುತ್ತೆ. ವರ್ಷಕ್ಕೊಂದ್ಸಲ ನಾಲ್ಕೈದು ಫೈಲ್ ಇಳಿಸಿ ಹೋಲಿಸ್ತೀನಿ.

ಹೋದ ಸಲ ಅಪ್ಪ 2003ರಲ್ಲಿ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದ ಒಂದು ಪತ್ರ ಇಳಿಸಿದೆ. ಚೆಕ್‌ಸಮ್ 64 ಅಕ್ಷರನೂ ಟ್ಯಾಲಿ ಆಯ್ತು. ತೆಗೆದ್ರೆ ಹಳೇ ಫಾಂಟ್ ಇಲ್ದೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, 'ನ' ಇರ್ಬೇಕಾದ ಕಡೆಯೆಲ್ಲ ಪೌಂಡ್ ಗುರುತು. ಕನ್ವರ್ಟರ್‌ಗೆ ಹಾಕಿ, ಈಗ ಎಲ್ಲಾ ಕಡೆ ಓದೋಕಾಗೋ ಯೂನಿಕೋಡ್‌ಗೆ ಬದಲಾಯಿಸ್ಕೊಂಡೆ, ಒತ್ತಕ್ಷರ ಅಲ್ಲಲ್ಲಿ ಎಡವಟ್ಟಾಗಿತ್ತು, ಅಪ್ಪನ್ನೇ ಕೂರಿಸ್ಕೊಂಡು ತಿದ್ದಿದೆ. ಈಗ ಎರಡೂ ಫೈಲ್ ಇಟ್ಟಿದೀನಿ.