ಗಡಿಯೇ ಇಲ್ಲದ ‘ಗಡಿ ರಾಜ್ಯ’

ಅಮೆರಿಕದ ಹಳೆಯ ರಾಜಕಾರಣಿ ಹೆನ್ರಿ ಕ್ಲೇ ‘ಗಡಿ ರಾಜ್ಯದ ವಕೀಲ’ನಾಗಿದ್ದು ಶಾಸಕನಾದ ಎಂಬ ವಾಕ್ಯ ಕನ್ನಡ ಅನುವಾದದಲ್ಲಿ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಗಡಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬೆಳಗಾವಿ, ಕಾಸರಗೋಡು, ಇಲ್ಲವೇ ಸೈನಿಕರು ಕಾಯುವ ತಂತಿಬೇಲಿ. ಕ್ಲೇ 1797ರಲ್ಲಿ ವರ್ಜೀನಿಯಾ ಬಿಟ್ಟು ವಕೀಲಿಗೆಂದು ಬಂದು ನೆಲೆಸಿದ ಕೆಂಟಕಿಯ ಲೆಕ್ಸಿಂಗ್ಟನ್ ಅಂಥ ಊರಲ್ಲ. ಮಿಸಿಸಿಪ್ಪಿ ನದಿಯಾಚೆ ಆಗ ಸ್ಪೇನಿನ ಆಡಳಿತವಿತ್ತು, ನಿಜ. ಆದರೆ ಆ ನದಿ ಅಲ್ಲಿಂದ ಬಲು ದೂರ.

ಇಂಗ್ಲಿಷ್ ಮೂಲದಲ್ಲಿರುವುದು ‘ಫ್ರಾಂಟಿಯರ್’. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಈ ಪದದ ಬೇರು ಲ್ಯಾಟಿನ್ನಿನ ‘ಫ್ರೋನ್ಸ್’, ಅಂದರೆ ಹಣೆ. ಹಣೆಯಿಂದ ಮುಂಭಾಗ, ಮುಂಭಾಗದಿಂದ ಎದುರಾಳಿಗೆ ಮುಖಮಾಡಿದ ನೆಲ, ಅಲ್ಲಿಂದ ದೇಶದ ಗಡಿ: ಯುರೋಪಿನಲ್ಲಿ ಅರ್ಥ ಹೀಗೆ ಬೆಳೆಯಿತು. ಖಾನ್ ಅಬ್ದುಲ್ ಗಫಾರ್ ಖಾನರನ್ನು ‘ಗಡಿನಾಡ ಗಾಂಧಿ’ ಎಂದಿದ್ದು ಈ ಅರ್ಥದಲ್ಲಿ. ಅದಕ್ಕೆ ನನ್ನ ತಕರಾರಿಲ್ಲ. ಅಮೆರಿಕದಲ್ಲಿ ಪದ ಬೇರೆ ಹಾದಿ ಹಿಡಿಯಿತು. ವಲಸಿಗರ ಹೊಲ, ಊರು, ನ್ಯಾಯಾಲಯಗಳು ಪಶ್ಚಿಮದತ್ತ ಎಲ್ಲಿಯವರೆಗೆ ತಲುಪಿದ್ದವೋ ಆ ಅಂಚಿಗೆ ಫ್ರಾಂಟಿಯರ್ ಎಂದರು. ಅದು ಸರಿಯುತ್ತಲೇ ಇತ್ತು. ಜನಗಣತಿಯವರು ಚದರ ಮೈಲಿಗೆ ಇಬ್ಬರು ಎಂಬ ಅಳತೆ ಇಟ್ಟುಕೊಂಡು ಅದನ್ನು ಗುರುತಿಸುತ್ತಿದ್ದರು. 1890ರ ಗಣತಿಯಾದ ಮೇಲೆ ಅಂಥ ಗೆರೆ ಇನ್ನು ಉಳಿದಿಲ್ಲ ಎಂದು ಸಾರಿದರು. ಹಾಗೆಂದು ‘ಹೊಸನಾಡು’ ಎನ್ನುವುದೂ ಸಲ್ಲದು. ಮೂಲನಿವಾಸಿಗಳಾದ ಶಾನಿ, ಚೆರೋಕಿ ಜನರಿಗೆ ಆ ನೆಲ ಯಾವ ಕಾಲಕ್ಕೂ ಹೊಸದಾಗಿರಲಿಲ್ಲ.

ಗೋಜಲನ್ನು ಹೆಚ್ಚಿಸಿದ್ದು ಕೆಂಟಕಿಯೇ. 1861ರಲ್ಲಿ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಶುರುವಾದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಇದ್ದೂ ಒಕ್ಕೂಟ ಬಿಡದ ಕೆಂಟಕಿ, ಮಿಸ್ಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳನ್ನು ‘ಬಾರ್ಡರ್ ಸ್ಟೇಟ್’ ಎಂದು ಕರೆದರು. ಗಡಿ ರಾಜ್ಯ ಎನ್ನಬೇಕಾದದ್ದು ಇವನ್ನು. ಕ್ಲೇ ತೀರಿಕೊಂಡದ್ದು 1852ರಲ್ಲಿ. ಎರಡಕ್ಕೂ ಒಂದೇ ಪದ ಬಳಸಿದರೆ, ಅವನು ಕಾಣದ ಯುದ್ಧದ ಗಡಿಯನ್ನು ಅವನ ಯೌವನಕ್ಕೆ ಅಂಟಿಸಿದಂತಾಗುತ್ತದೆ.

ಅರ್ಥ ತಪ್ಪಿದರೆ ಅವನ ಬದುಕೂ ಅರ್ಥವಾಗುವುದಿಲ್ಲ. ಅಂಚಿನ ನಾಡಿನಲ್ಲಿ ವಕೀಲನಿಗೆ ಬೇಡಿಕೆ ತಂದದ್ದು ಜಮೀನು. ಕೆಂಟಕಿಯಲ್ಲಿ ಚೆಕ್ಕುಬಂದಿಗೆ ಮರ, ಹಳ್ಳ, ಬಂಡೆಗಳೇ ಗುರುತು. ಒಂದೇ ತುಂಡಿಗೆ ಮೂರ್ನಾಲ್ಕು ಜನ ಹಕ್ಕುದಾರರು. ಆ ನಾಡಿಗೆ ದಾರಿ ತೋರಿಸಿದ ಡೇನಿಯಲ್ ಬೂನ್ ಕೂಡ ಹೀಗೆ ಜಮೀನು ಕಳೆದುಕೊಂಡ. ಅಂಥ ಕಡೆ ವ್ಯಾಜ್ಯ ಬಲ್ಲವನನ್ನೇ ಜನ ಶಾಸನಸಭೆಗೂ ಕಳುಹಿಸಿದರು. ಕ್ಲೇ 1803ರಲ್ಲಿ ರಾಜ್ಯದ ಸಭೆಗೆ ಹೋದ. 1806ರಲ್ಲಿ, ಸಂವಿಧಾನ ಕೇಳುವ 30 ವರ್ಷ ತುಂಬುವ ಮೊದಲೇ, ಸೆನೆಟ್ ಸೇರಿದ; ಯಾರೂ ತಕರಾರು ತೆಗೆಯಲಿಲ್ಲ. 1811ರಲ್ಲಿ ಪ್ರತಿನಿಧಿ ಸಭೆಗೆ ಕಾಲಿಟ್ಟ ದಿನವೇ ಅದರ ಸ್ಪೀಕರ್ ಆದ.

‘ವಲಸೆಯಂಚು’ ಎಂದು ಬರೆಯಬಹುದು. ಒಪ್ಪಿಗೆಯಾಗದಿದ್ದರೆ ಫ್ರಾಂಟಿಯರ್ ಎಂದೇ ಉಳಿಸಿಕೊಳ್ಳಿ. ಸೆನೆಟ್, ಸ್ಪೀಕರ್‌ಗಳನ್ನು ಒಪ್ಪಿಕೊಂಡವರಿಗೆ ಇದೇನೂ ಭಾರವಲ್ಲ.