ಪದ ಪರಿಚಯ: ಬೆಳಕಿನ ಮಾರ್ದನಿ

ಸಕಲೇಶಪುರದ ಕಡೆ ತೋಟಕ್ಕೆ ಆನೆ ನುಗ್ಗಿದರೆ ಪಟಾಕಿ ಹೊಡೆಯುತ್ತಾರೆ. ಢಂ ಅನ್ನುವುದು ಒಂದೇ ಸಲ. ಆಮೇಲೆ ಎದುರಿನ ಗುಡ್ಡ ಒಮ್ಮೆ ಗುಡುಗುತ್ತದೆ, ಅದರಾಚೆಯ ಗುಡ್ಡ ಇನ್ನೊಮ್ಮೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗುಡ್ಡ ಒಂದು ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲು ಆರು ಸೆಕೆಂಡ್ ಬೇಕು. ಅಷ್ಟರಲ್ಲಿ ಇಲ್ಲಿ ಉಳಿದಿರುವುದು ಬರೀ ಹೊಗೆ ಮತ್ತು ಕಾಗದದ ಚೂರು. ಆನೆ ಹೋಯಿತೋ ಇಲ್ಲವೋ, ಅದು ಬೇರೆ ಮಾತು.

ಬೆಳಕಿಗೂ ಹೀಗೇ ಮಾರ್ದನಿ ಇದೆ. ಆದರೆ ನಮ್ಮ ಗುಡ್ಡಗಳ ಅಳತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದಲ್ವಾ? ಉಪಗ್ರಹಗಳನ್ನು ನಿಯಂತ್ರಿಸುವ ಹಾಸನದ ಎಂಸಿಎಫ್ ಕೇಂದ್ರದಿಂದ 36,000 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ರೇಡಿಯೋ ಸಂಕೇತ ಹೋಗಿ ಬರಲು ಕಾಲು ಸೆಕೆಂಡ್ ಸಾಕು. ಬೆಳಕಿನ ಮಾರ್ದನಿ ಎದ್ದು ಕಾಣಬೇಕಾದರೆ ಬಯಲು ಅದಕ್ಕಿಂತ ಎಷ್ಟೋ ದೊಡ್ಡದಿರಬೇಕು.

ಅಂಥದ್ದೊಂದು 2007ರಲ್ಲಿ ಸಿಕ್ಕಿತು. ಸಿಕ್ಕಿದ್ದು ಖಗೋಳ ವಿಜ್ಞಾನಿಗೆ ಅಲ್ಲ, ಹ್ಯಾನಿ ವಾನ್ ಆರ್ಕೆಲ್ ಎಂಬ ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿಗೆ. ಗ್ಯಾಲಕ್ಸಿ ಫೋಟೋಗಳನ್ನು ನೋಡಿ, ಯಾವುದು ಸುರುಳಿ, ಯಾವುದು ಉಂಡೆ ಎಂದು ವಿಂಗಡಿಸುವ 'ಗ್ಯಾಲಕ್ಸಿ ಝೂ' ಕೆಲಸದಲ್ಲಿ ಅವರೂ ಕೈ ಜೋಡಿಸಿದ್ದರು. ಐಸಿ 2497 ಎಂಬ ಸುರುಳಿ ಗ್ಯಾಲಕ್ಸಿಯ ಕೆಳಗೆ ಒಂದು ನೀಲಿ ಕಲೆ ಕಂಡಿತು. ಇದೇನು ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದಕ್ಕೆ 'ಹ್ಯಾನಿಸ್ ಫೋರ್ವೆರ್ಪ್' ಎಂದೇ ಹೆಸರಾಯಿತು. ಡಚ್ ಭಾಷೆಯಲ್ಲಿ ಫೋರ್ವೆರ್ಪ್ ಅಂದರೆ ಸುಮ್ನೆ 'ವಸ್ತು'. ನಮ್ಮಲ್ಲಾಗಿದ್ದರೆ 'ಅದೇನೋ ಒಂದು' ಅಂತಿದ್ದೆವು.

ಆ ಅದೇನೋ ಒಂದು, ನಮ್ಮ ಹಾಲುಹಾದಿಯಷ್ಟೇ ದೊಡ್ಡ ಅನಿಲದ ಮೋಡ. ಸುಮಾರು 65 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರದಲ್ಲಿ ಹಸಿರಾಗಿ ಹೊಳೆಯುತ್ತದೆ. ಎರಡೆರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಬಣ್ಣ ಅದು. ಆಮ್ಲಜನಕವನ್ನು ಆ ಸ್ಥಿತಿಗೆ ತರಲು ಭಾರೀ ಶಕ್ತಿಯ ಬೆಳಕು ಬೇಕು. ಕ್ವೇಸಾರ್ ಆದರೆ ಅಂಥ ಬೆಳಕು ಕೊಡಬಲ್ಲದು.

ಕ್ವೇಸಾರ್ ಅಂದರೆ, ಗ್ಯಾಲಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಗೆ ಅನಿಲ ಸುತ್ತುತ್ತಾ ಬೀಳುವಾಗ ಕಾದು ಉರಿಯುವ ಬೆಳಕು. ದೂರದಿಂದ ನಕ್ಷತ್ರದಂತೆ ಕಾಣುತ್ತದೆ, ಆದರೆ ನಕ್ಷತ್ರವಲ್ಲ. ಹೆಸರಿನ ಅರ್ಥವೂ ಅದೇ. 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟನ್ ಶ್ಮಿಟ್ ಮೊದಲ ಸಲ ಇಂಥ ಒಂದರ ದೂರ ಅಳೆದರು, ಮರುವರ್ಷ ಹೆಸರು ಬಂತು. ಮೇವು ಇರುವ ತನಕ ಮಾತ್ರ ಇದರ ಆರ್ಭಟ. ನಮ್ಮ ಹಾಲುಹಾದಿಯ ನಡುವೆಯೂ ಸುಮಾರು 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಇದೆ. ಮೇವಿಲ್ಲದೆ ಈಗ ತಣ್ಣಗಿದೆ.

ತಮಾಷೆ ಇರುವುದು ಇಲ್ಲೇ. ಮೋಡ ಝಗಮಗ ಅನ್ನುತ್ತಿದೆ. ಪಕ್ಕದ ಐಸಿ 2497ರ ನಡುಭಾಗ ನೋಡಿದರೆ ಅಂಥ ಕ್ವೇಸಾರ್ ಕಾಣುವುದಿಲ್ಲ. ಪಟಾಕಿ ಹೊಡೆದವರಿಲ್ಲ, ಗುಡ್ಡ ಮಾತ್ರ ಗುಡುಗುತ್ತಿದೆ! ಗ್ಯಾಲಕ್ಸಿಯ ನಡುವಿನಿಂದ ಹೊರಟ ಬೆಳಕಿಗೆ ಎರಡು ದಾರಿ. ಒಂದು ನೇರ ನಮ್ಮ ಕಡೆಗೆ. ಇನ್ನೊಂದು ಮೊದಲು ಮೋಡದ ಕಡೆಗೆ, ಅಲ್ಲಿಂದ ನಮ್ಮ ಕಡೆಗೆ. ಎರಡನೆಯದು ಸುತ್ತುದಾರಿ, ಹತ್ತಾರು ಸಾವಿರ ವರ್ಷ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ನೇರ ಬಂದ ಬೆಳಕು, ಕ್ವೇಸಾರ್ ಮಂಕಾದ ನಂತರದ ಸುದ್ದಿ ಹೇಳುತ್ತದೆ. ಮೋಡದ ಬೆಳಕು, ಅದು ಇನ್ನೂ ಉರಿಯುತ್ತಿದ್ದ ಕಾಲದ್ದೇ ಹೇಳುತ್ತಿದೆ. ಈ ಎರಡು ಸುದ್ದಿಗಳ ನಡುವಿನ ಅಂತರ 2 ಲಕ್ಷ ವರ್ಷಕ್ಕಿಂತ ಕಡಿಮೆ. ಅಂದರೆ ಅಷ್ಟರೊಳಗೆ ಕ್ವೇಸಾರ್ ಕುಗ್ಗಿಹೋಗಿದೆ. ಗ್ಯಾಲಕ್ಸಿಯ ಆಯುಸ್ಸಿನ ಮುಂದೆ ಇದು ಕಣ್ಣು ಮಿಟುಕಿಸಿದಷ್ಟು ಹೊತ್ತು.

ಪೂರ್ತಿ ಆರಿದೆ ಅನ್ನುವುದೂ ಸರಿಯಲ್ಲ. ದಟ್ಟ ಅನಿಲದ ಮರೆಯಲ್ಲಿ ಇನ್ನೂ ಕೆಂಡ ಇದೆ ಎಂದು ನುಸ್ಟಾರ್ ಎಕ್ಸ್-ರೇ ದೂರದರ್ಶಕ ತೋರಿಸಿತು. ಹಿಂದಿಗಿಂತ ಸುಮಾರು 50 ಪಟ್ಟು ಮಂಕು, ಅಷ್ಟೇ.

ಮಾರ್ದನಿ ಎಂಬ ಪದದಲ್ಲಿ ಒಂದು ಕೊರತೆ ಇದೆ. ಗುಡ್ಡ ನಮ್ಮ ಸದ್ದನ್ನೇ ವಾಪಸ್ ಕಳಿಸುತ್ತದೆ. ಈ ಮೋಡ ಕ್ವೇಸಾರಿನ ಬೆಳಕನ್ನು ಕುಡಿದು, ತನ್ನದೇ ಬಣ್ಣದಲ್ಲಿ ಹೊಳೆಯುತ್ತದೆ. ಬೆಳಕು ಹೀಗೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವುದಕ್ಕೆ ಅಯಾನೀಕರಣ ಅಂತ ಹೆಸರು. ಅದಕ್ಕೇ ಕೆಲವರು ಇದನ್ನು ಅಯಾನೀಕರಣ ಮಾರ್ದನಿ ಎನ್ನುತ್ತಾರೆ. ನನಗೆ ಆ ಪದ ನಾಲಿಗೆಗೆ ಭಾರ.

ಇದು ಒಂಟಿ ಉದಾಹರಣೆಯೂ ಅಲ್ಲ. ಗ್ಯಾಲಕ್ಸಿ ಝೂ ಹುಡುಕಾಟದಲ್ಲಿ ಇಂಥ ಬೆಳಗುವ ಮೋಡಗಳಿರುವ 19 ಗ್ಯಾಲಕ್ಸಿಗಳ ಪಟ್ಟಿ 2012ರಲ್ಲಿ ಬಂತು. ಮೋಡಗಳು ಚಿಕ್ಕವಾದ್ದರಿಂದ ಡಚ್ಚರ ರೀತಿಯಲ್ಲೇ 'ಫೋರ್ವೆರ್ಪ್ಯೆ' ಎಂದು ಕರೆದರು. ಪುಟ್ಟ ವಸ್ತು ಅಂತ.