ಸಾಂಬಾ ಬೇರೆ, ಎಸ್‌ಎಂಬಿ ಬೇರೆ

‘ವಿಂಡೋಸ್‌ನಲ್ಲಿ ಸಾಂಬಾ ಆನ್ ಮಾಡೋದು ಹೇಗೆ?’ ಈ ಪ್ರಶ್ನೆ ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೋ. ವಿಂಡೋಸ್‌ನೊಳಗೆ ಸಾಂಬಾ ಇಲ್ಲ, ಯಾವತ್ತೂ ಇರಲಿಲ್ಲ. ಅಲ್ಲಿರುವುದು ಎಸ್‌ಎಂಬಿ (ಸರ್ವರ್ ಮೆಸೇಜ್ ಬ್ಲಾಕ್): ನೆಟ್‌ವರ್ಕ್‌ನಲ್ಲಿ ಫೈಲು, ಪ್ರಿಂಟರ್ ಹಂಚಿಕೊಳ್ಳಲು ಗಣಕಗಳು ಪರಸ್ಪರ ಮಾತಾಡುವ ರೀತಿ, ಅಂದರೆ 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ ಮೈಕ್ರೋಸಾಫ್ಟ್ ಕೈಯಲ್ಲಿ ಬೆಳೆದ ಪ್ರೋಟೊಕಾಲ್. ಅದೇ ಪ್ರೋಟೊಕಾಲನ್ನು ಲಿನಕ್ಸ್ ಮತ್ತು ಯುನಿಕ್ಸ್ ಗಣಕಗಳಿಂದ ಆಡಿಸುವ ಮುಕ್ತ ತಂತ್ರಾಂಶದ ಹೆಸರು ಸಾಂಬಾ.

ಹೆಸರಿನ ಕತೆ ಗೊತ್ತಿದ್ದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ 1991ರ ಕೊನೆಗೆ ಇದರ ಮೊದಲ ರೂಪ ಬರೆದರು. ಮುಂದೆ ಅದಕ್ಕೆ ಎಸ್‌ಎಂಬಿ ಸರ್ವರ್ ಎಂದೇ ಹೆಸರಾಯಿತು. ಆ ಹೆಸರು ತನ್ನ ಟ್ರೇಡ್‌ಮಾರ್ಕ್ ಎಂದು ಒಂದು ಕಂಪನಿ ತಕರಾರು ತೆಗೆಯಿತು. ಟ್ರಿಡ್ಜೆಲ್ ತಮ್ಮ ಗಣಕದಲ್ಲಿದ್ದ ಇಂಗ್ಲಿಷ್ ಪದಪಟ್ಟಿಯಲ್ಲಿ ಎಸ್‌ನಿಂದ ಶುರುವಾಗಿ ಎಂ, ಬಿ ಅದೇ ಕ್ರಮದಲ್ಲಿ ಬರುವ ಪದಗಳನ್ನು ಗ್ರೆಪ್ ಎಂಬ ಆಜ್ಞೆ ಹಾಕಿ ಹುಡುಕಿದರು. ಸಾಲ್ಮನ್‌ಬೆರಿ, ಸಾಟಿಂಬರ್, ಸ್ಕ್ರ್ಯಾಂಬಲ್ ಜೊತೆಗೆ ಸಾಂಬಾ ಸಿಕ್ಕಿತು. ಬ್ರೆಜಿಲ್‌ನ ನೃತ್ಯಕ್ಕೂ ಇದಕ್ಕೂ ಅಷ್ಟೇ ಸಂಬಂಧ. ಪ್ರೋಟೊಕಾಲಿನ ಪೂರ್ತಿ ವಿವರ ಕೈಯಲ್ಲಿಲ್ಲದಿದ್ದಾಗ ಗಣಕಗಳ ನಡುವೆ ಓಡಾಡುವ ಡೇಟಾ ತುಣುಕುಗಳನ್ನು (ಪ್ಯಾಕೆಟ್) ನೋಡಿಯೇ ಅವರು ಕಲಿತರು. ಫ್ರೆಂಚ್ ಬಾರದವನು ಹೋಟೆಲಿನಲ್ಲಿ ಕೂತು, ಯಾರು ಏನು ಹೇಳಿದರೆ ಏನು ಬರುತ್ತದೆ ಎಂದು ಗಮನಿಸಿ ಭಾಷೆ ಕಲಿತಂತೆ ಎಂದು ಈ ವಿಧಾನವನ್ನು ಅವರೇ ವಿವರಿಸಿದ್ದಾರೆ. ಯುರೋಪಿನ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್ ಸೋತ ಮೇಲೆ, 2007ರ ಡಿಸೆಂಬರ್‌ನಲ್ಲಿ, ಅಧಿಕೃತ ದಾಖಲೆಗಳು ಸಾಂಬಾ ತಂಡಕ್ಕೆ ಸಿಕ್ಕವು. ಇಷ್ಟು ವರ್ಷಗಳ ಶ್ರಮವನ್ನು ವಿಂಡೋಸ್‌ನ ಒಂದು ಚೆಕ್‌ಬಾಕ್ಸ್ ಎಂಬಂತೆ ಮಾತಾಡುವುದು ನನಗೆ ಸಹಿಸಲಾಗದು.

ಪದ ತಪ್ಪಿದರೆ ಕೆಲಸವೂ ತಪ್ಪುತ್ತದೆ. 2017ರ ಮೇ ತಿಂಗಳಲ್ಲಿ ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ಹರಡಿದ್ದು, ವಿಂಡೋಸ್‌ನ ಎಸ್‌ಎಂಬಿ 1ರಲ್ಲಿ, ಅಂದರೆ ಪ್ರೋಟೊಕಾಲಿನ ಹಳೆಯ ಮೊದಲ ಆವೃತ್ತಿಯಲ್ಲಿ, ಇದ್ದ ದೋಷದಿಂದ. ಅದನ್ನು ‘ಸಾಂಬಾ ಅಪಾಯಕಾರಿ’ ಎಂದು ಅರ್ಥ ಮಾಡಿಕೊಂಡವರು ಇವತ್ತಿಗೂ ಇದ್ದಾರೆ. ಸಾಂಬಾ ತನ್ನ 4.11ನೇ ಆವೃತ್ತಿಯಿಂದ ಎಸ್‌ಎಂಬಿ 1ನ್ನು ಡಿಫಾಲ್ಟಾಗಿ ಮುಚ್ಚಿಯೇ ಬರುತ್ತದೆ. ಹಳೆಯ ಸ್ಕ್ಯಾನರ್ ಫೈಲ್ ಕಳಿಸುತ್ತಿಲ್ಲ ಎಂದು ಇಡೀ ಆಫೀಸಿಗೆ ಅದನ್ನು ಮತ್ತೆ ತೆರೆಯಬೇಡಿ.

ವಿಂಡೋಸ್ ಸರ್ವರ್ 2012 ಆರ್2ರ ವಿಸ್ತೃತ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿದ ಮೇಲೆ ‘ಸಾಂಬಾ ಹಾಕಿದರೆ ಆಯಿತಲ್ಲ’ ಎಂಬ ಮಾತು ಜೋರಾಗಿದೆ. ಹಾಕಿ, ಖಂಡಿತ ಹಾಕಿ. ಆದರೆ ಆ ಹಳೆಯ ಸರ್ವರ್ ಏನೇನು ಮಾಡುತ್ತಿತ್ತು ಎಂದು ಮೊದಲು ನೋಡಿ. ಫೋಲ್ಡರ್ ಹಂಚುವುದಷ್ಟೇ ಆಗಿದ್ದರೆ ಕೆಲಸ ಸಣ್ಣದು. ಬಳಕೆದಾರರ ಲಾಗಿನ್ ಮತ್ತು ಗ್ರೂಪ್ ಪಾಲಿಸಿಯನ್ನೂ (ಎಲ್ಲ ಗಣಕಗಳಿಗೂ ಒಂದೇ ಕಡೆಯಿಂದ ಹೇರುವ ನಿಯಮಗಳು) ಅದೇ ನೋಡಿಕೊಳ್ಳುತ್ತಿದ್ದರೆ ನಿಮಗೆ ಬೇಕಾದದ್ದು ಡೊಮೇನ್ ಕಂಟ್ರೋಲರ್, ಅಂದರೆ ಆಫೀಸಿನ ಗಣಕಗಳ ಗುಂಪಿಗೆಲ್ಲ (ಡೊಮೇನ್) ಲಾಗಿನ್ ನಿಭಾಯಿಸುವ ಸರ್ವರ್. ಸಾಂಬಾ 2012ರ 4.0ರಿಂದ ಮೈಕ್ರೋಸಾಫ್ಟ್‌ನ ಬಳಕೆದಾರ ನಿರ್ವಹಣಾ ವ್ಯವಸ್ಥೆಯಾದ ಆಕ್ಟಿವ್ ಡೈರೆಕ್ಟರಿಯ ಆ ಪಾತ್ರವನ್ನೂ ವಹಿಸಬಲ್ಲದು, ಆದರೆ ಅದರ ಸಿದ್ಧತೆಯೇ ಬೇರೆ. ಲಾಗಿನ್ ನಿಭಾಯಿಸುವುದು, ಫೈಲು ಹಂಚುವುದು ಎರಡನ್ನೂ ಒಂದೇ ಸರ್ವರಿನ ಮೇಲೆ ಹೇರದೆ, ಫೈಲುಗಳನ್ನು ಅದೇ ಡೊಮೇನಿಗೆ ಸೇರಿದ ಬೇರೊಂದು ಸದಸ್ಯ ಸರ್ವರಿನಲ್ಲಿಡಿ. ಒಂದೇ ಯಂತ್ರವಿದ್ದರೆ ಅದರಲ್ಲೇ ಎರಡು ವರ್ಚುವಲ್ ಮಷೀನ್ ಸಾಕು. ಲೆಕ್ಕದವರ ಟ್ಯಾಲಿ ಇದರಿಂದ ಲಿನಕ್ಸ್ ಪ್ರೋಗ್ರಾಂ ಆಗಿಬಿಡುವುದಿಲ್ಲ. ಅದು ವಿಂಡೋಸ್ ಗಣಕದಲ್ಲೇ ಓಡುತ್ತದೆ, ಸಾಂಬಾದ ಕಡೆ ಬರುವುದು ಅದರ ಡೇಟಾ ಫೋಲ್ಡರ್ ಮಾತ್ರ.

ಇನ್ನು ಪಾಸ್‌ವರ್ಡ್. ಡೊಮೇನ್ ಇಲ್ಲದ ಆಫೀಸಿನಲ್ಲಿ ಲಿನಕ್ಸ್ ಬಳಕೆದಾರನನ್ನು ಸೃಷ್ಟಿಸಿ, ವಿಂಡೋಸ್‌ನಿಂದ ಲಾಗಿನ್ ಆಗುತ್ತಿಲ್ಲ ಎಂದು ಒದ್ದಾಡುವವರಿಗೆ ಉತ್ತರ ಒಂದೇ: ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ, ಎಸ್‌ಎಂಬಿಪಾಸ್‌ವಡ್ (smbpasswd) ಆಜ್ಞೆಯಿಂದ ಅವನನ್ನು ಅಲ್ಲಿಗೂ ಸೇರಿಸಬೇಕು.